ಘಟ್ಟ ಹತ್ತಿದ ಅಕ್ಕಿ ಮತ್ತು ಪಾಠಕ್ಕೆ ಸೇರದ ಜನ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು ಎಂಬ ವಾಕ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡದ ವಿದ್ಯಾರ್ಥಿ ಕರ್ನಾಟಕದಲ್ಲಿ ಇರಲಾರ. ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಹ್ಯಾರಿಸ್, ವೆಲ್ಲೆಸ್ಲಿ, ನಡುವೆ ಮೀರ್ ಸಾದಿಕ್. ನಾಲ್ಕಾರು ಹೆಸರುಗಳಲ್ಲಿ ಯುದ್ಧ ಮುಗಿದುಹೋಗುತ್ತದೆ. 2015ರಲ್ಲಿ ಟಿಪ್ಪು ಜಯಂತಿ ಸರ್ಕಾರಿ ಆಚರಣೆಯಾಗಿ, 2019ರಲ್ಲಿ ರದ್ದಾದ ಮೇಲಂತೂ ಈ ಪಾಠವನ್ನು ಮುಟ್ಟಲು ಮೇಷ್ಟರುಗಳೇ ಹಿಂದೆಮುಂದೆ ನೋಡುವಂತಾಗಿದೆ. ತರಗತಿಯಲ್ಲಿ ಎರಡು ಬಣ ಏಳುತ್ತದೆ, ಒಂದು ಬಣದ ಮಕ್ಕಳು ತಲೆ ತಗ್ಗಿಸಿ ಕೂರಬೇಕಾಗುತ್ತದೆ.

ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳಿಗೆ ಅದೇ ಯುದ್ಧವನ್ನು ಹೇಳಲು ಬೇರೊಂದು ದಾರಿಯಿದೆ. ಅದು ಅಕ್ಷರಶಃ ದಾರಿಯೇ.

ಈಗಿನ ಮೆಟ್ಟೂರು ಜಲಾಶಯದ ಪಕ್ಕದಲ್ಲಿರುವ ಕಾವೇರಿಪುರದಿಂದ ಕಾಡು ಹತ್ತಿ, ಕೌದಳ್ಳಿ, ಹನೂರುಗಳ ಮೇಲೆ ಮೈಸೂರು ಸೀಮೆಗೆ ಬರುತ್ತಿದ್ದ ಹಳೆಯ ಹಾದಿಗೆ ಕಾವೇರಿಪುರದ ಘಟ್ಟ ಎಂದು ಹೆಸರು. ಬಯಲು ಸೀಮೆಯ ಧಾನ್ಯ, ಉಪ್ಪು, ಬಟ್ಟೆಗಳು ಮೇಲಕ್ಕೆ ಬರುತ್ತಿದ್ದುದು ಇಂಥ ಘಟ್ಟಗಳ ಮೂಲಕ. 1799ರ ಏಪ್ರಿಲ್ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಕೂತಿದ್ದ ಜನರಲ್ ಹ್ಯಾರಿಸ್‌ಗೆ ತನ್ನ ಪಾಳೆಯದಲ್ಲಿರುವ ಅಕ್ಕಿ ಕೆಲವೇ ದಿನಗಳಿಗೆ ಸಾಕೆಂಬ ಸಂಗತಿ ಗೊತ್ತಾಯಿತು. ಕಂಪನಿಯ ಪಡೆಗೆ ಇದು ಹೊಸ ಭಯವಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದೂ, ಅನ್ನವಿಲ್ಲದೆ, ಎತ್ತುಗಳು ರೋಗದಿಂದ ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ್ದ. ಎಂಟು ವರ್ಷದ ಹಿಂದಿನ ಆ ಕಥೆ ಮರುಕಳಿಸದಿರಲೆಂದು ಹ್ಯಾರಿಸ್ ತನ್ನ ಕುದುರೆ ಪಡೆಯ ಮುಖ್ಯಸ್ಥ ಫ್ಲಾಯ್ಡ್‌ನನ್ನು ಕಾವೇರಿಪುರದ ಘಟ್ಟದ ಕಡೆಗೆ ಕಳಿಸಿದ. ಬಾರಾಮಹಲಿನಿಂದ ಕರ್ನಲ್ ರೀಡ್, ತೆಂಕಣಿಂದ ಕರ್ನಲ್ ಬ್ರೌನ್ ತರುತ್ತಿದ್ದ ದವಸಕ್ಕೆ ಕಾವಲಾಗಿ ಬರುವುದು ಅವನ ಕೆಲಸ.

ಆ ದವಸ ಹೊತ್ತವರು ಸಿಪಾಯಿಗಳಲ್ಲ. ಇಂಗ್ಲಿಷರು ತಮ್ಮ ಕಡತಗಳಲ್ಲಿ ಬ್ರಿಂಜಾರಿಗಳೆಂದು ಬರೆದ ಬಣಜಾರರು, ನಮ್ಮ ಮಾತಿನಲ್ಲಿ ಲಂಬಾಣಿಗಳು. ಸಾವಿರಾರು ಹೇರೆತ್ತುಗಳ ಬೆನ್ನ ಮೇಲೆ ಇಬ್ಬದಿಗೂ ಗೋಣಿ ತೂಗುಬಿಟ್ಟು, ಹೆಂಗಸರು ಮಕ್ಕಳ ಸಮೇತ ತಾಂಡಾ ತಾಂಡಾವಾಗಿ ನಡೆಯುವವರು. ಮರಾಠರು, ನಿಜಾಮ, ಮೈಸೂರಿನವರು, ಕಂಪನಿ ಎಲ್ಲರ ಸೈನ್ಯಕ್ಕೂ ಅವರೇ ಅನ್ನದಾತರು. ಗಾಡಿ ಏರದ ಜಾಡಿನಲ್ಲಿ ಎತ್ತು ಏರುತ್ತದೆ. ಆದರೂ ಘಟ್ಟದ ಇಕ್ಕಟ್ಟಿನಲ್ಲಿ ಅಷ್ಟೊಂದು ದನ ಒಂದರ ಹಿಂದೊಂದು ಹತ್ತಿಬರಲು ದಿನಗಟ್ಟಲೆ ಹಿಡಿಯಿತು. ಅವರು ಹನೂರಿನ ಬಯಲು ಮುಟ್ಟಿ ಫ್ಲಾಯ್ಡ್‌ನ ಪಡೆ ಸೇರಿ ಶ್ರೀರಂಗಪಟ್ಟಣ ತಲುಪುವಷ್ಟರಲ್ಲಿ ಮೇ ಎರಡನೆಯ ವಾರ. ಕೋಟೆ ಅಷ್ಟರಲ್ಲಿ ಬಿದ್ದಾಗಿತ್ತು. ಅಕ್ಕಿ ಬರುವವರೆಗೆ ಕಾಯುವಂತಿಲ್ಲದ್ದೂ ದಾಳಿಯನ್ನು ಅವಸರಗೊಳಿಸಿದ ಕಾರಣಗಳಲ್ಲಿ ಒಂದು.

ಹನೂರಿನ ಒಂದು ಪ್ರೌಢಶಾಲೆಯಲ್ಲಿ ಭೂಪಟ ಹರಡಿ, ಬೆರಳಿಟ್ಟು ಈ ದಾರಿ ತೋರಿಸಿದರೆ ಆಗುವ ಲಾಭ ಸಣ್ಣದಲ್ಲ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳದಿಂದ ಪ್ರಶ್ನೆ ಸರಿದು, ಇಷ್ಟು ಜನಕ್ಕೆ ಅನ್ನ ಹಾಕಿದವರು ಯಾರು, ಅವರೆಲ್ಲ ಆಮೇಲೆ ಏನಾದರು ಎಂಬಲ್ಲಿಗೆ ಬರುತ್ತದೆ. ಆಮೇಲಿನ ಕಥೆ ಕಹಿ. ಹೊಸ ರಸ್ತೆಗಳು, ರೈಲು ಬಂದು ಹೇರೆತ್ತಿನ ವ್ಯಾಪಾರ ಮುಗಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದ ಮೇಲೆ ಹಲವು ಕಡೆ ಬಣಜಾರ ಗುಂಪುಗಳೂ ಅದರ ಪಟ್ಟಿಗೆ ಸೇರಿದವು. ಸೈನ್ಯವೇ ಕಾದು ಕೂತು ಬರಮಾಡಿಕೊಂಡ ಜನರ ಮಕ್ಕಳು ಮೊಮ್ಮಕ್ಕಳು ಹುಟ್ಟಿನಿಂದಲೇ ಕಳ್ಳರೆನಿಸಿಕೊಂಡರು. ಆ ಕಾಯಿದೆ ತೊಲಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಇಲ್ಲಿ ಕೊರೆಗಾಂವ್‌ನ ನೆನಪು ಸಹಜ. 1818ರ ಜನವರಿ 1ರಂದು ಭೀಮಾ ತೀರದಲ್ಲಿ ಮಡಿದ ಮಹಾರ್ ಸಿಪಾಯಿಗಳ ಹೆಸರು ಕಂಪನಿ ನಿಲ್ಲಿಸಿದ ಕಂಬದ ಮೇಲಿದೆ. 1927ರ ಅದೇ ದಿನ ಅಂಬೇಡ್ಕರ್ ಅಲ್ಲಿಗೆ ಹೋದರು. ಮಹಾರರನ್ನು ಆ ವೇಳೆಗೆ ಸೈನ್ಯವೇ ದೂರ ಇಟ್ಟಿತ್ತು. ಹೆಸರು ಕಲ್ಲಿನ ಮೇಲಿದ್ದುದರಿಂದ ಕೇಳಲು ಒಂದು ಆಧಾರವಾದರೂ ಇತ್ತು. ಘಟ್ಟ ಹತ್ತಿದ ಲಂಬಾಣಿಗೆ ಆ ಕಲ್ಲೂ ಇಲ್ಲ.

ಯುದ್ಧದ ಮರುವರ್ಷ, 1800ರಲ್ಲಿ, ಗೆದ್ದ ಸೀಮೆಯ ವಿವರ ಬರೆಯಲು ಕಂಪನಿ ಕಳಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಇದೇ ಊರುಗಳಲ್ಲಿ ಓಡಾಡಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾದ ಅವನ ಬರಹದಲ್ಲಿ ಈ ಬೆಟ್ಟಗಳ ಸೋಲಿಗರೂ ಇದ್ದಾರೆ. ಬೆಂಕಿಯ ಸುತ್ತ ಬಾಳೆಲೆ ಹಾಸಿ, ಬಾಳೆಲೆ ಹೊದ್ದು ಮಲಗುವ ಒರಟು ಜನವೆಂದು ಅವನ ವರ್ಣನೆ. ಬಿಳಿಗಿರಿರಂಗನ ಬೆಟ್ಟದ ಶಾಲೆಯಲ್ಲಿ ಸೋಲಿಗರ ಮಗು ಕೂತಿರುವಾಗ ಇದನ್ನು ಹಾಗೇ ಓದಿಬಿಟ್ಟರೆ ಅದು ಪಾಠವಲ್ಲ, ಅವಮಾನ. ಬರೆದವನು ಯಾರು, ಯಾರ ಸಂಬಳದವನು, ಎಷ್ಟು ದಿನ ಇದ್ದ, ಯಾವ ಭಾಷೆಯಲ್ಲಿ ಕೇಳಿದ ಎಂದು ವಿಚಾರಿಸುತ್ತ ಓದಿದರೆ ಅದೇ ಪುಟ ಬೇರೆಯಾಗುತ್ತದೆ. ಅವನಿಗೆ ಕಾಣದೇ ಹೋದದ್ದನ್ನು ಆ ಮಗುವೇ ಹೇಳಬಲ್ಲದು: ಯಾವ ಗೆಣಸು ಯಾವ ಕಾಲಕ್ಕೆ, ಜೇನು ಯಾವ ಮರದಲ್ಲಿ. 2011ರಲ್ಲಿ ಆ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ದೊರೆಯಿತು. ಇವೆರಡನ್ನೂ ಬುಕಾನನ್ನನ ಪುಟದ ಪಕ್ಕದಲ್ಲಿಟ್ಟು ಓದಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಎಲ್ಲರನ್ನೂ ಒಳಗೊಳ್ಳುವ ಪಾಠ ಎಂಬ ಉತ್ಸಾಹದಲ್ಲಿ ನಿಮ್ಮಲ್ಲಿ ಲಂಬಾಣಿಗಳು ಯಾರು, ಸೋಲಿಗರು ಯಾರು, ಕೈ ಎತ್ತಿ ಎಂದು ಕೇಳುವ ಮೇಷ್ಟರು ಒಳಗೆ ತರಬೇಕಾದವರನ್ನೇ ಬಾಗಿಲ ಹೊರಗೆ ನಿಲ್ಲಿಸಿರುತ್ತಾರೆ. ದಾರಿ, ದವಸ, ದನ, ಕಾಡು ಎಂದು ಕೆಲಸದ ಕಡೆಯಿಂದ ಹೊರಟರೆ ಜನ ತಾವಾಗಿ ಬರುತ್ತಾರೆ, ಯಾವ ಮಗುವೂ ಪ್ರದರ್ಶನದ ವಸ್ತುವಾಗುವುದಿಲ್ಲ.

1799ರ ಹಂಚಿಕೆಯಲ್ಲಿ ಎಳೆದ ಗೆರೆಯೂ ಪಾಠಕ್ಕೆ ಒದಗುವ ವಸ್ತು. ಕೊಳ್ಳೇಗಾಲ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಪಕ್ಕದ ಯಳಂದೂರು ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಒಂದೇ ಸಂತೆಗೆ ಹೋಗುವ, ಒಂದೇ ಮಾದಪ್ಪನಿಗೆ ನಡೆದುಕೊಳ್ಳುವ ಜನ ಒಂದೂವರೆ ಶತಮಾನ ಎರಡು ಸರ್ಕಾರಗಳ ಪ್ರಜೆಗಳಾದರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂಬ ಕೂಗಿಗೆ ಯಳಂದೂರಿನವರಿಗೆ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ದಾರಿಯಾದರೆ, ಕೊಳ್ಳೇಗಾಲದವರಿಗೆ ಮದ್ರಾಸು ಸರ್ಕಾರದ 1921ರ ಕೋಮುವಾರು ಆಜ್ಞೆಯ ದಾರಿ. ಕನ್ನಡ ಮಾತಾಡುವ ಕೊಳ್ಳೇಗಾಲ ತಮಿಳು ಜಿಲ್ಲೆಯ ಮೂಲೆಯಲ್ಲಿ ಅಲ್ಪಸಂಖ್ಯಾತವಾಗಿತ್ತು. 1956ರ ನವೆಂಬರ್ 1ರ ನಂತರ ಅದು ಮೈಸೂರು ರಾಜ್ಯಕ್ಕೆ ಬಂದಾಗ, ಮಾರ್ಟಳ್ಳಿಯ ಕಡೆಯ ತಮಿಳು ಕುಟುಂಬಗಳು ಅಲ್ಪಸಂಖ್ಯಾತರಾದವು. ಬಹುಸಂಖ್ಯಾತ, ಅಲ್ಪಸಂಖ್ಯಾತ ಎಂಬುದು ಗೆರೆ ಎಲ್ಲಿ ಬಿತ್ತು ಎಂಬುದರ ಮೇಲೆ ನಿಂತಿದೆಯೆಂದು ಇದಕ್ಕಿಂತ ಸುಲಭವಾಗಿ ವಿವರಿಸುವ ಉದಾಹರಣೆ ಸಿಗುವುದು ಕಷ್ಟ.

ಎರಡನೆಯ ಮಹಾಯುದ್ಧವನ್ನೂ ಹಿಟ್ಲರ್, ಚರ್ಚಿಲ್‌ರಿಗೇ ಬಿಟ್ಟುಕೊಡಬೇಕಾಗಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ಮೇಲೆ ಮಿತ್ರರಾಷ್ಟ್ರಗಳಿಗೆ ಜಪಾನಿನ ರೇಷ್ಮೆ ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕು. ಮೈಸೂರು ಸೀಮೆಗೂ, ಮದ್ರಾಸು ಪ್ರಾಂತ್ಯದ ರೇಷ್ಮೆ ಕೇಂದ್ರವಾಗಿದ್ದ ಕೊಳ್ಳೇಗಾಲಕ್ಕೂ ಬೇಡಿಕೆ ಏರಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರಿಂದ ಹಿಡಿದು, ಕುದಿಯುವ ನೀರಿನಿಂದ ಗೂಡಿನ ಎಳೆ ಹಿಡಿಯುವ ಹೆಂಗಸರವರೆಗೆ ಆ ದುಡಿಮೆಯ ಸರಪಣಿ ಉದ್ದವಾದದ್ದು. ಎಲ್ಲೋ ಆಕಾಶದಿಂದಿಳಿದ ಸೈನಿಕನ ಜೀವ ಹಿಡಿದದ್ದು ಇಂಥ ಎಳೆಗಳೇ. ಇಂದಿಗೂ ಮನೆಯಲ್ಲಿ ಚಂದ್ರಿಕೆ ಕಂಡ ಮಕ್ಕಳಿಗೆ ಈ ಪಾಠ ಹೊರಗಿನದೆನಿಸುವುದಿಲ್ಲ.

ಇನ್ನು ಪುಸ್ತಕವೇ ಬೇಡದ ಒಂದು ಯುದ್ಧ ಈ ಮಕ್ಕಳಿಗೆ ಮೊದಲೇ ಗೊತ್ತಿದೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನನ್ನು ಮಾದಪ್ಪ ಗೆದ್ದ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳದವರು ಹನೂರು ಕಡೆ ಕಡಿಮೆ. ಆ ಗೆಲುವಿಗೆ ಬೇಕಾದ ಅರಗಿನ ಪಾದರಕ್ಷೆಯನ್ನು ಮಾಡಿಕೊಟ್ಟವನು ಚಮ್ಮಾರ ಹರಳಯ್ಯ. ರಾಜನ ಯುದ್ಧದ ಕಡತದಲ್ಲಿ ಹೇರೆತ್ತಿನವನ ಹೆಸರಿಲ್ಲ, ಮಾದಪ್ಪನ ಕಾವ್ಯದಲ್ಲಿ ಮೆಟ್ಟು ಹೊಲಿದವನ ಹೆಸರಿದೆ, ಸೋಲಿಗರ ಸಂಕಮ್ಮನ ಹೆಸರೂ ಇದೆ.