ಬಾಡಿಗೆ ನಿಯಂತ್ರಣ ಶಾಸನ, ಕರ್ನಾಟಕದಲ್ಲಿ

ಮನೆಯ ಒಡೆಯನು ತನ್ನ ಮನೆಯನ್ನು ಯಾರಿಗೆ, ಎಷ್ಟು ಬಾಡಿಗೆಗೆ, ಎಷ್ಟು ಕಾಲ ಕೊಡಬೇಕೆಂಬುದು ಉಭಯ ಪಕ್ಷಗಳ ಕರಾರಿಗೆ ಬಿಟ್ಟ ವಿಷಯವೆಂದೇ 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ಬಗೆದಿತ್ತು. ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯವನನ್ನು ಬಿಡಿಸಲು ಹದಿನೈದು ದಿನಗಳ ನೋಟೀಸು ಸಾಕಾಗಿದ್ದಿತು. ಈ ಸ್ವಾತಂತ್ರ್ಯಕ್ಕೆ ಪ್ರಥಮ ಮಹಾಯುದ್ಧದ ಕಡೆಯ ವರ್ಷದಲ್ಲಿ, 1918ರಲ್ಲಿ, ಮುಂಬಯಿಯಲ್ಲಿ ಕಡಿವಾಣ ಬಿದ್ದಿತು. 1920ರಲ್ಲಿ ಕಲ್ಕತ್ತೆಯೂ ಅದೇ ಹಾದಿ ಹಿಡಿಯಿತು. ಈ ಕಾನೂನುಗಳು ಅವಧಿ ತೀರಿ ಅಳಿದುವು. ದ್ವಿತೀಯ ಮಹಾಯುದ್ಧದೊಡನೆ ಮರಳಿ ಬಂದುವಾದರೋ ಅಷ್ಟು ಸುಲಭದಲ್ಲಿ ಹೋಗಲಿಲ್ಲ.

ಕಬ್ಬಿಣ, ಸಿಮೆಂಟುಗಳು ಯುದ್ಧಕಾರ್ಯಕ್ಕೆ ಸಂದು ಹೊಸ ಮನೆಗಳ ನಿರ್ಮಾಣ ಕುಂಠಿತವಾಗಿದ್ದಾಗಲೇ, 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಂತಹ ಉದ್ಯಮಗಳೂ ಸೈನ್ಯದ ನೆಲೆಗಳೂ ಬೆಂಗಳೂರಿಗೆ ಜನರನ್ನು ಸೆಳೆಯುತ್ತಿದ್ದುವು. ಬಾಡಿಗೆ ಏರಿತು, ಏರಿದ ಬಾಡಿಗೆಯನ್ನು ತೆರಲಾರದವರನ್ನು ಹೊರಡಿಸುವುದೂ ಏರಿತು. ಯುದ್ಧ ಮುಗಿದ ಮೇಲೂ ಮನೆಗಳ ಅಭಾವ ಮುಗಿಯದುದರಿಂದ, ಆಪದ್ಧರ್ಮವಾಗಿ ಹುಟ್ಟಿದ ನಿಯಂತ್ರಣವು 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಶಾಸನದ ರೂಪದಲ್ಲಿ ಮುಂದುವರಿಯಿತು.

1956ರಲ್ಲಿ ರಾಜ್ಯವು ಏಕೀಕೃತವಾದಾಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿಯ 1947ರ ಕಾಯಿದೆಯನ್ನೂ, ದಕ್ಷಿಣ ಕನ್ನಡವು ಮದರಾಸಿನ 1949ರ ಕಾಯಿದೆಯನ್ನೂ, ಗುಲ್ಬರ್ಗ, ರಾಯಚೂರು, ಬೀದರಗಳು ಹೈದರಾಬಾದಿನ 1954ರ ಕಾಯಿದೆಯನ್ನೂ ತಮ್ಮೊಡನೆ ತಂದುವು. ಮುಂಬಯಿಯ ಕಾಯಿದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಸಾಮಾನ್ಯವಾಗಿ ಪ್ರಮಾಣವೆಂದು ಹಿಡಿದಿತ್ತು. ಧಾರಣೆಗಳೆಲ್ಲವೂ ಬೆಳೆಯುತ್ತಿರಲು ಬಾಡಿಗೆಯೊಂದು ಮಾತ್ರ ಬೆಳೆಯದಂತೆ ಕಟ್ಟಿಹಾಕಿದ ಈ ಕ್ರಮವನ್ನು ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯವು ಕಂಡುಕೊಂಡುದು 1997ರಷ್ಟು ತಡವಾಗಿ.

ಭಾಗಕ್ಕೊಂದು ಕಾಯಿದೆಯೆಂಬ ಈ ವೈವಿಧ್ಯವನ್ನು ತೊಡೆದು ಬಂದುದು 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ. ರಾಜ್ಯದ ಹೆಸರು ಬದಲಾದ ಬಳಿಕ ಇದೂ ಕರ್ನಾಟಕದ ಹೆಸರನ್ನು ಧರಿಸಿತು. ಒಡೆಯನ ಹಕ್ಕನ್ನು ಇದು ಬಿಗಿಯಾಗಿ ಕಟ್ಟಿತು. ಅದು ಅನ್ವಯಿಸುತ್ತಿದ್ದ ಪಟ್ಟಣಗಳಲ್ಲಿ ಮನೆ ತೆರವಾದೊಡನೆ ಒಡೆಯನು ಆ ಸಂಗತಿಯನ್ನು ನಿಯಂತ್ರಣಾಧಿಕಾರಿಗೆ ಬರೆದು ತಿಳಿಸಬೇಕಾಗಿದ್ದಿತು. ಅಧಿಕಾರಿಯು ಅದನ್ನು ಸರ್ಕಾರಿ ನೌಕರರೇ ಮೊದಲಾದವರಿಗೆ ಹಂಚಿಕೊಡಬಹುದಾಗಿತ್ತು, ಅಂದರೆ ತನ್ನ ಮನೆಗೆ ಬರುವವರು ಯಾರೆಂಬುದನ್ನು ಒಡೆಯನು ಕಚೇರಿಯ ಆದೇಶಪತ್ರದಿಂದ ತಿಳಿಯಬೇಕಾದ ಪ್ರಸಂಗವೂ ಇದ್ದಿತು. ಬಾಡಿಗೆಗೆ ಕೊಡಲು ಪಗಡಿಯನ್ನು, ಎಂದರೆ ಮೇಲುಹಣವನ್ನು, ತೆಗೆದುಕೊಳ್ಳುವುದು ನಿಷಿದ್ಧವಾಯಿತು. ಹೊರಡಿಸಬೇಕಾದರೆ ಇಪ್ಪತ್ತೊಂದನೆಯ ಪ್ರಕರಣದಲ್ಲಿ ಎಣಿಸಿದ ಕಾರಣಗಳಲ್ಲೊಂದನ್ನು ಸ್ಥಾಪಿಸಬೇಕಾಗಿದ್ದಿತು: ನೋಟೀಸು ಕೊಟ್ಟು ಎರಡು ತಿಂಗಳಾದರೂ ಬಾಕಿ ಸಲ್ಲಿಸದಿರುವುದು, ಒಳಬಾಡಿಗೆಗೆ ಕೊಡುವುದು, ಅಥವಾ ಒಡೆಯನ ನಿಜವಾದ ಸ್ವಂತ ಅಗತ್ಯ ಮುಂತಾದುವು. ಸ್ವಂತ ಅಗತ್ಯವು ಸ್ಥಿರಪಟ್ಟರೂ ಸಾಲದಾಗಿದ್ದಿತು. ಮನೆ ಬಿಟ್ಟುಕೊಟ್ಟರೆ ಬಾಡಿಗೆಯವನಿಗೆ ಆಗುವ ಕಷ್ಟ ಹೆಚ್ಚೋ, ಬಿಡದಿದ್ದರೆ ಒಡೆಯನಿಗೆ ಆಗುವ ಕಷ್ಟ ಹೆಚ್ಚೋ ಎಂಬುದನ್ನು ನ್ಯಾಯಾಧೀಶನು ತೂಗಿ ನೋಡಬೇಕಾಗಿದ್ದಿತು, ಮನೆಯ ಒಂದು ಭಾಗ ಕೊಡಿಸಿದರೆ ತೀರುವುದಾದರೆ ಅಷ್ಟಕ್ಕೇ ಆಜ್ಞೆ ಮಾಡಬೇಕಾಗಿದ್ದಿತು.

ಬೆಂಗಳೂರಿನ ಲಘುವ್ಯವಹಾರ ನ್ಯಾಯಾಲಯದಲ್ಲಿ ಹೂಡಲ್ಪಟ್ಟ ‘ಎಚ್‌ಆರ್‌ಸಿ ಕೇಸು’ಗಳು, ಎಂದರೆ ಮನೆ ಬಾಡಿಗೆ ನಿಯಂತ್ರಣದ ದಾವೆಗಳು, ಉಚ್ಚ ನ್ಯಾಯಾಲಯದ ಪುನರೀಕ್ಷಣೆಯವರೆಗೂ ಸಾಗಿ ದೀರ್ಘಾಯುಗಳಾಗಲು ಅವಕಾಶವಿದ್ದಿತು. ಕಾನೂನು ರಕ್ಷಿಸಿದುದು ಈಗಾಗಲೇ ಒಳಗಿದ್ದವನನ್ನು. ಹೊಸದಾಗಿ ಮನೆ ಹುಡುಕುವವನಿಗೆ ಅದು ಬಾಗಿಲನ್ನೇ ಕಿರಿದುಮಾಡಿತೆಂದು ಹೇಳದೆ ವಿಧಿಯಿಲ್ಲ. ಆದರೂ ಅಲ್ಪವೇತನದ ಗುಮಾಸ್ತನೊಬ್ಬನು ವಠಾರದ ಒಂದು ಬಿಡಾರದಲ್ಲಿದ್ದು, ಮಕ್ಕಳ ಓದು ಮುಗಿಯುವವರೆಗೂ ನಿಶ್ಚಿಂತನಾಗಿರಲು ಇದೇ ಕಾನೂನು ಆಧಾರವಾಗಿದ್ದಿತೆಂಬುದನ್ನು ಒಡೆಯರ ಪರವಾಗಿ ಬರೆದವರು ಸಾಮಾನ್ಯವಾಗಿ ಮರೆಯುತ್ತಾರೆ.

1992ರಲ್ಲಿ ಕೇಂದ್ರವು ಪ್ರಚುರಪಡಿಸಿದ ಮಾದರಿಯನ್ನು ಅನುಸರಿಸಿ ರಚಿತವಾದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಹೆಸರಿನಿಂದ ‘ನಿಯಂತ್ರಣ’ವು ಕಳಚಿದುದು ಆಕಸ್ಮಿಕವಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೂ, ಇತರೆಡೆ 2,000 ರೂಪಾಯಿಗೂ ಮೀರಿದ ಬಾಡಿಗೆಯ ಕಟ್ಟಡಗಳು ಇದರ ವ್ಯಾಪ್ತಿಯಿಂದ ಹೊರಬಿದ್ದುವು; ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರಿಗೆ ಮೀರದ ಸಣ್ಣವು ಮಾತ್ರ ಉಳಿದುವು. ಬಾಡಿಗೆಯವನು ಮೃತನಾದರೆ ಅವನ ಕುಟುಂಬಕ್ಕೆ ಐದು ವರ್ಷಗಳವರೆಗೆ ಮಾತ್ರ ಹಕ್ಕು ದೊರೆಯಿತು. ಬಾಡಿಗೆಗಳು ಏರಿ ಆ ಮಿತಿಗಳನ್ನು ದಾಟಿದಂತೆ, ಇಂದಿನ ಬೆಂಗಳೂರಿನ ಬಹುಪಾಲು ಮನೆಗಳು ಮತ್ತೆ 1882ರ ಅಧಿನಿಯಮದ ಆಳ್ವಿಕೆಗೇ ಮರಳಿವೆ.

ಶಾಸನವು ಹಿಂದೆಗೆದ ಸ್ಥಳವನ್ನು ರೂಢಿ ತುಂಬಿತು. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಲೇಬೇಕಾದುದರಿಂದ ಹನ್ನೊಂದು ತಿಂಗಳ ಕರಾರು ಸಾರ್ವತ್ರಿಕವಾಯಿತು. ತಿಂಗಳ ಬಾಡಿಗೆಯ ಬದಲು ಇಡುಗಂಟು ಕೊಟ್ಟು, ಬಿಡುವಾಗ ಅದನ್ನೇ ಹಿಂಪಡೆಯುವ ಭೋಗ್ಯದ ಪದ್ಧತಿಯೂ ಬಾಳಿತು. 2021ರ ಜೂನ್ 2ರಂದು ಕೇಂದ್ರ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ; ಅದು ಆಯಾ ರಾಜ್ಯಗಳು ಅಂಗೀಕರಿಸಿದಲ್ಲದೆ ಅಲ್ಲಲ್ಲಿ ಕಾನೂನಾಗದು. ಬೆಂಗಳೂರಿನಲ್ಲಿ ಬಹುಕಾಲ ನಡೆದುಬಂದ ಹತ್ತು ತಿಂಗಳ ಅಡ್ವಾನ್ಸಿಗೆ ಆಧಾರ ಯಾವ ಶಾಸನದ ಯಾವ ಪ್ರಕರಣವೂ ಅಲ್ಲ, ರೂಢಿಯೊಂದೇ.