ಗಾಯಗೊಂಡ ನಾಳಕ್ಕೆ ಅಯಸ್ಕಾಂತದ ಆಸರೆ

1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನ ವೈದ್ಯ ಆಂಡ್ರಿಯಾಸ್ ಗ್ರುಂಟ್ಜಿಗ್ ಹೃದಯದ ಕಿರಿದಾದ ನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ರಕ್ತಕ್ಕೆ ದಾರಿ ಮಾಡಿಕೊಟ್ಟರು. 1986ರಲ್ಲಿ ನಾಳವನ್ನು ತೆರೆದಿಡುವ ಲೋಹದ ಬಲೆಗೊಳವೆ, ಅಂದರೆ ಸ್ಟೆಂಟ್ ಬಂತು. ಅಸಂಖ್ಯ ಜೀವಗಳನ್ನು ಉಳಿಸಿದ ಈ ಚಿಕಿತ್ಸೆಗಳು ನಾಳಕ್ಕೆ ಗಾಯವನ್ನೂ ಮಾಡುತ್ತವೆ. ಹಿಗ್ಗುವ ರಭಸಕ್ಕೆ ನಾಳದ ಒಳಪದರವಾದ ಎಂಡೋಥೀಲಿಯಂ ಕಿತ್ತುಹೋಗುತ್ತದೆ. ಅದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ಆದರೆ ರಕ್ತ ಹೆಪ್ಪುಗಟ್ಟದಂತೆ, ಕೆಳಗಿನ ಸ್ನಾಯುಕೋಶಗಳು ಮಿತಿಮೀರಿ ಬೆಳೆದು ನಾಳವನ್ನು ಮತ್ತೆ ಮುಚ್ಚದಂತೆ ಕಾಯುವುದು ಅದೇ.

2002-03ರ ಹೊತ್ತಿಗೆ ಬಳಕೆಗೆ ಬಂದ ಔಷಧಲೇಪಿತ ಸ್ಟೆಂಟ್‌ಗಳು ಸ್ನಾಯುಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕಿದವು. ಅದೇ ಔಷಧ ಒಳಪದರ ಮತ್ತೆ ಮೂಡುವುದನ್ನೂ ನಿಧಾನಿಸಿತು. ಹಾಗಾಗಿ ರೋಗಿಗಳು ತಿಂಗಳುಗಟ್ಟಲೆ ಹೆಪ್ಪುನಿರೋಧಕ ಮಾತ್ರೆ ನುಂಗಬೇಕಾಯಿತು.

ಕಿತ್ತುಹೋದ ಕೋಶಗಳನ್ನು ಹೊರಗಿನಿಂದಲೇ ತಂದು ಕೂರಿಸಿದರೆ? ರಕ್ತದಲ್ಲಿ ಹರಿಯುವ ಕೆಲವು ಕೋಶಗಳಿಗೆ ಎಂಡೋಥೀಲಿಯಂ ಆಗುವ ಶಕ್ತಿಯಿದೆ ಎಂದು 1997ರಲ್ಲಿ ತಕಾಯುಕಿ ಅಸಹಾರಾ ಮತ್ತು ಸಂಗಡಿಗರು ವರದಿ ಮಾಡಿದಾಗ ಈ ಆಸೆ ಚಿಗುರಿತು. ತೊಡಕಾದದ್ದು ರಕ್ತದ ಓಟ. ನಾಳದೊಳಗೆ ಚುಚ್ಚಿ ಬಿಟ್ಟ ಕೋಶಗಳಲ್ಲಿ ಬಹುಪಾಲು ಗಾಯದ ಬಳಿ ನಿಲ್ಲದೆ ಕೊಚ್ಚಿಹೋಗುತ್ತಿದ್ದವು.

ಅವನ್ನು ತಡೆದು ನಿಲ್ಲಿಸುವ ಉಪಾಯ ಕ್ಯಾನ್ಸರ್ ಸಂಶೋಧನೆಯಲ್ಲಿ ಆಗಲೇ ಇತ್ತು. 1970ರ ದಶಕದ ಕೊನೆಗೆ ಅಮೆರಿಕದ ವಿಡರ್ ಮತ್ತು ಸೆನ್ಯೆಯಿ, ಔಷಧ ತುಂಬಿದ ಕಾಂತೀಯ ಆಲ್ಬುಮಿನ್ ಸೂಕ್ಷ್ಮಗೋಳಗಳನ್ನು ಅಯಸ್ಕಾಂತದಿಂದ ಸೆಳೆದಿದ್ದರು. 1996ರಲ್ಲಿ ಜರ್ಮನಿಯ ಲ್ಯೂಬೆ ತಂಡ ಇದೇ ತತ್ವವನ್ನು ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಿಸಿತ್ತು.

ಕೋಶಗಳನ್ನು ಇದಕ್ಕೆ ಅಣಿಗೊಳಿಸುವ ಬಗೆ ಸರಳ. ಪ್ರಯೋಗಾಲಯದ ತಟ್ಟೆಯಲ್ಲಿ ಅವುಗಳಿಗೆ ಕಬ್ಬಿಣದ ಆಕ್ಸೈಡ್‌ನ ನ್ಯಾನೋಕಣಗಳನ್ನು ಬೆರೆಸಿಡುತ್ತಾರೆ. ಕೋಶಗಳು ಅವನ್ನು ತಾವೇ ನುಂಗುತ್ತವೆ. ಆಮೇಲೆ ಅಯಸ್ಕಾಂತ ಹಿಡಿದರೆ ಜೀವಂತ ಕೋಶಗಳೇ ಅತ್ತ ಸರಿಯುತ್ತವೆ. 2006ರಲ್ಲಿ ಮೇಯೋ ಕ್ಲಿನಿಕ್‌ನ ಪಿಸ್ಲಾರು, ಸಂಧು ಮುಂತಾದವರು ಅಯಸ್ಕಾಂತವಾಗಿಸಿದ ಸ್ಟೆಂಟ್‌ಗಳನ್ನು ಹಂದಿಗಳ ನಾಳದಲ್ಲಿ ಕೂರಿಸಿ, ಇಂಥ ಕೋಶಗಳು ಅವುಗಳಿಗೆ ಅಂಟಿಕೊಳ್ಳುವುದನ್ನು ತೋರಿಸಿದರು.

ನಿಜವಾದ ತಿರುವು ಬಂದದ್ದು ಭೌತಶಾಸ್ತ್ರದ ಕಡೆಯಿಂದ. ಕಣವನ್ನು ಎಳೆಯಲು ಕಾಂತಕ್ಷೇತ್ರ ಬಲವಾಗಿದ್ದರೆ ಸಾಲದು, ಅದು ಜಾಗದಿಂದ ಜಾಗಕ್ಕೆ ಚುರುಕಾಗಿ ಬದಲಾಗಬೇಕು. ಮೈ ಹೊರಗಿಟ್ಟ ಅಯಸ್ಕಾಂತದ ಸೆಳೆತವಾದರೋ ಆಳಕ್ಕೆ ಹೋದಂತೆ ಕುಗ್ಗುತ್ತದೆ, ಎದೆಗೂಡಿನೊಳಗಿನ ನಾಳಕ್ಕೆ ಎಟುಕುವುದೇ ಕಷ್ಟ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಪೋಲ್ಯಾಕ್, ಲೆವಿ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಹೊರಗಿನಿಂದ 0.1 ಟೆಸ್ಲಾದ ಏಕರೂಪ ಕ್ಷೇತ್ರವನ್ನಷ್ಟೇ ಕೊಟ್ಟರು. ಅದರಲ್ಲಿ ಸ್ಟೆಂಟ್‌ನ ಉಕ್ಕಿನ ಎಳೆಗಳೇ ಅಯಸ್ಕಾಂತಗಳಾದವು. ತೆಳುವಾದ ಆ ಎಳೆಗಳ ಸುತ್ತ ಕ್ಷೇತ್ರ ತೀವ್ರವಾಗಿ ಬದಲಾಗುವುದರಿಂದ, ಇಲಿಗಳ ಕತ್ತಿನ ಧಮನಿಯಲ್ಲಿ ಕೋಶಗಳು ಬೇಕಾದಲ್ಲೇ ಬಂದು ಕೂತವು. 2010ರಲ್ಲಿ ಅದೇ ಬಳಗದ ಚೋರ್ನಿ ಮತ್ತಿತರರು ಕೋಶಗಳ ಬದಲು ಪ್ಯಾಕ್ಲಿಟ್ಯಾಕ್ಸೆಲ್ ಔಷಧ ತುಂಬಿದ ಕಾಂತೀಯ ಕಣಗಳನ್ನು ಹೀಗೆಯೇ ಸ್ಟೆಂಟ್‌ಗೆ ತಲುಪಿಸಿದರು.

ಸ್ಟೆಂಟ್ ಇಲ್ಲದ ನಾಳದ ಮೇಲೂ ಕೆಲಸ ಸಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ 2009ರಲ್ಲಿ, ಎಂಆರ್‌ಐ ಸ್ಕ್ಯಾನ್‌ಗೆಂದು ತಯಾರಾದ ಕಣಗಳನ್ನೇ ಬಳಸಿ, ಇಲಿಯ ಗಾಯಗೊಂಡ ನಾಳದಲ್ಲಿ ನಿಲ್ಲುವ ಕೋಶಗಳನ್ನು ಐದು ಪಟ್ಟು ಹೆಚ್ಚಿಸಿತು. ನಾಳ ದುಂಡಗಿದ್ದು, ಒಂದು ಬದಿಯ ಅಯಸ್ಕಾಂತ ಕೋಶಗಳನ್ನು ಒಂದೇ ಬದಿಗೆ ಎಳೆಯುವುದು ಇನ್ನೊಂದು ಸಮಸ್ಯೆ. 2016ರಲ್ಲಿ ಬಾನ್ ವಿಶ್ವವಿದ್ಯಾಲಯದವರು ಇದಕ್ಕೆಂದೇ ಅಯಸ್ಕಾಂತಗಳನ್ನು ರೂಪಿಸಿ, ಪುಟ್ಟ ಇಲಿಗಳ (ಮೌಸ್) ನಾಳದ ಒಳಸುತ್ತಿಗೆಲ್ಲ ಕೋಶಗಳನ್ನು ಹರಡಿದರು.

ನಾಳ ದುರಸ್ತಿಯ ಈ ಫಲಿತಾಂಶಗಳೆಲ್ಲ ಪ್ರಾಣಿಗಳ ಮೇಲಿನವು. ಆಸ್ಪತ್ರೆಗೆ ಬರುವ ಮುನ್ನ ದಾಟಬೇಕಾದ ತೊಡಕುಗಳು ಹಲವು. ಈಗ ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಸ್ಟೆಂಟ್‌ಗಳನ್ನು ಅಯಸ್ಕಾಂತವಾಗಿಸಲಾಗದು. ಕಾಂತೀಯ ಉಕ್ಕು ಬಳಸಿದರೆ ಎಂಆರ್‌ಐ ಯಂತ್ರದೊಳಗೆ ರೋಗಿ ಸುರಕ್ಷಿತವಾಗಿರುವರೇ ಎಂದು ಪರೀಕ್ಷಿಸಬೇಕು. ರೋಗಿಯದೇ ಕೋಶ ತೆಗೆದು ಬೆಳೆಸಲು ವಾರಗಳು ಹಿಡಿಯುತ್ತವೆ, ಹೃದಯಾಘಾತವಾದವರಿಗೆ ಅಷ್ಟು ಸಮಯವಿಲ್ಲ. ಎಷ್ಟು ಕೋಶಗಳು ಅಂಟಿದವು ಎಂಬ ಮೊದಲ ದಿನದ ಎಣಿಕೆಯಲ್ಲೇ ಸಂಶೋಧನೆ ನಿಲ್ಲಬಾರದು. ದೊಡ್ಡ ಪ್ರಾಣಿಗಳ ಹೃದಯನಾಳದಲ್ಲಿ ಆ ಪದರ ತಿಂಗಳುಗಳ ನಂತರವೂ ಉಳಿಯಿತೇ, ಔಷಧಲೇಪಿತ ಸ್ಟೆಂಟ್‌ಗಿಂತ ಚೆನ್ನಾಗಿ ಹೆಪ್ಪು ತಡೆಯಿತೇ ಎಂಬುದನ್ನು ಅಕ್ಕಪಕ್ಕ ಇಟ್ಟು ಅಳೆಯುವ ಪ್ರಯೋಗಗಳು ಇನ್ನು ಆಗಬೇಕು.