ಕೋಲಿನ ಕಾವು ಬದಲಾದಾಗ

1931ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ‘ಹೌ ಐ ಪ್ಲೇ ಗಾಲ್ಫ್’ ಎಂಬ ಹನ್ನೆರಡು ಕಿರುಚಿತ್ರಗಳ ಸರಣಿಯನ್ನು ತೆರೆಗೆ ತಂದಿತು. ಅದರಲ್ಲಿ ಆಟ ಕಲಿಸುವವನು ಅಮೆರಿಕದ ಬಾಬಿ ಜೋನ್ಸ್. ಹಿಂದಿನ ವರ್ಷವಷ್ಟೇ ಅವನು ಬ್ರಿಟನ್ ಮತ್ತು ಅಮೆರಿಕದ ಓಪನ್ ಹಾಗೂ ಅಮೆಚೂರ್ ಪ್ರಶಸ್ತಿಗಳು ನಾಲ್ಕನ್ನೂ ಗೆದ್ದು, ತನ್ನ 28ನೇ ವಯಸ್ಸಿಗೇ ಸ್ಪರ್ಧೆಗಳಿಂದ ನಿವೃತ್ತನಾಗಿದ್ದ.

ನಾನು ಆ ಚಿತ್ರಗಳನ್ನು ನೋಡಿದ್ದು ಗಾಲ್ಫ್ ಕಲಿಯಲೆಂದಲ್ಲ. ಕೈಗೆ ಗೊತ್ತಿರುವ, ಬಾಯಲ್ಲಿ ಹೇಳಲು ಬಾರದ ವಿದ್ಯೆ ಚರಿತ್ರೆಯೊಳಗೆ ಹೇಗೆ ದಾಖಲಾಗುತ್ತದೆ ಎನ್ನುವುದು ನನ್ನ ಸಂಶೋಧನೆಯ ಪ್ರಶ್ನೆ. ಈ ಸರಣಿಯ ಹೆಚ್ಚಿನ ಕಂತುಗಳಿಗೆ ಕೋಲುಗಳದೇ ಹೆಸರು: ಪಟರ್, ನಿಬ್ಲಿಕ್, ಮ್ಯಾಶಿ ನಿಬ್ಲಿಕ್, ಸ್ಪೂನ್, ಬ್ರಾಸಿ, ಡ್ರೈವರ್. ಗಿಡ್ಡ ಕೋಲಿನಿಂದ ಶುರುವಾದ ಪಾಠ ಉದ್ದ ಕೋಲಿನ ಕಡೆಗೆ ಸಾಗುತ್ತದೆ.

ಕೋಲಿಗೊಂದು ಪಾಠ ಏಕೆ? ಡ್ರೈವರ್ ಎಲ್ಲಕ್ಕಿಂತ ಉದ್ದ. ಆಟಗಾರ ಚೆಂಡಿನಿಂದ ದೂರ ನಿಲ್ಲಬೇಕು. ಚೆಂಡು ಮುಂದಿನ ಪಾದದ ನೇರಕ್ಕಿರುತ್ತದೆ. ಬೀಸು ಅಗಲವಾಗಿ ನೆಲಕ್ಕೆ ಓರೆಯಾಗಿ ಸುತ್ತುತ್ತದೆ. ನಿಬ್ಲಿಕ್ ಗಿಡ್ಡ, ಅದರ ಮುಖ ಆಕಾಶದತ್ತ ವಾಲಿರುತ್ತದೆ. ಇಲ್ಲಿ ಹತ್ತಿರ ನಿಂತು, ಚೆಂಡನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಮೇಲಿನಿಂದ ಕಡಿದಾಗಿ ಹೊಡೆಯಬೇಕು. ಮೊದಲು ಚೆಂಡು, ಆಮೇಲೆ ಹುಲ್ಲು. ಡ್ರೈವರ್ ಗುಡಿಸುತ್ತದೆ, ನಿಬ್ಲಿಕ್ ಕೊಚ್ಚುತ್ತದೆ. ಇಷ್ಟನ್ನು ಇಂದಿನ ತರಬೇತುದಾರರೂ ಹೇಳುತ್ತಾರೆ.

ಆದರೆ ಜೋನ್ಸ್‌ನ ಕೈಗೆ ಇನ್ನೊಂದು ಹೊಣೆಯಿತ್ತು. ಅವನು ಗೆದ್ದದ್ದು ಹಿಕರಿ ಮರದ ಕಾವಿನ ಕೋಲುಗಳಿಂದ. ಮರ ಬರಿ ಬಾಗುವುದಿಲ್ಲ, ತಿರುಚಿಕೊಳ್ಳುತ್ತದೆ ಕೂಡ. ಅವಸರದಿಂದ ಬೀಸಿದರೆ ಕೋಲಿನ ತಲೆ ಹಿಂದೆ ಬಿದ್ದು ಚೆಂಡು ದಾರಿ ತಪ್ಪುತ್ತದೆ. ಹಾಗಾಗಿ ನಿಧಾನವಾಗಿ ಹಿಂದಕ್ಕೆ ಎತ್ತಿ, ತಲೆ ಜೊತೆಗೂಡಲು ಬಿಟ್ಟು, ಮಣಿಕಟ್ಟಿನಿಂದ ಅದರ ಮುಖವನ್ನು ನೇರಕ್ಕೆ ತರಬೇಕಿತ್ತು. ಒಂದು ಮರದ ತುಂಡಿನಂತೆ ಇನ್ನೊಂದಿರುವುದಿಲ್ಲ. ಗುದ್ದಲಿಗೆ ಹೊಸ ಕಾವು ಹಾಕಿದವರಿಗೆ ಇದು ಗೊತ್ತು: ಕಬ್ಬಿಣ ಅದೇ, ಕೈ ಮಾತ್ರ ಮತ್ತೆ ಕಲಿಯಬೇಕು.

ಅಷ್ಟರಲ್ಲಿ ಉಕ್ಕು ಬಂದಿತ್ತು. ಅಮೆರಿಕದ ಗಾಲ್ಫ್ ಸಂಸ್ಥೆ 1920ರ ದಶಕದಲ್ಲೇ ಒಪ್ಪಿದ್ದ ಉಕ್ಕಿನ ಕಾವನ್ನು ಸ್ಕಾಟ್‌ಲ್ಯಾಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಆಂಡ್ ಎ 1929ರಲ್ಲಿ ಒಪ್ಪಿತು. ಉಕ್ಕು ಅಷ್ಟಾಗಿ ತಿರುಚುವುದಿಲ್ಲ. ಕಾರ್ಖಾನೆಯಲ್ಲಿ ಒಂದರಂತೆ ಇನ್ನೊಂದನ್ನು ಮಾಡಬಹುದು. ಹೆಸರುಗಳು ಹೋಗಿ ಅಂಕಿಗಳು ಬಂದವು: ಮ್ಯಾಶಿ 5 ಆಯಿತು, ನಿಬ್ಲಿಕ್ 9 ಆಯಿತು. ಒಂದೇ ಕೋಲನ್ನು ಅರ್ಧ, ಮುಕ್ಕಾಲು ಬೀಸಿ ದೂರ ಹೊಂದಿಸುತ್ತಿದ್ದವರು ದೂರಕ್ಕೊಂದು ಕೋಲು ಕೊಂಡರು. ಕೆಲವರ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಲುಗಳಾದವು. ಕೊನೆಗೆ ಅಮೆರಿಕ 1938ರಲ್ಲಿ, ಆರ್ ಆಂಡ್ ಎ 1939ರಲ್ಲಿ, ಹದಿನಾಲ್ಕೇ ಸಾಕು ಎಂದು ನಿಯಮ ಮಾಡಿದವು.

ಇದನ್ನು ಒಂದು ವಿದ್ಯೆ ಅಳಿದ ಕಥೆಯೆಂದು ಬರೆಯಲು ಹೊರಟಿದ್ದೆ. ಬೈರನ್ ನೆಲ್ಸನ್ ಅಡ್ಡ ಬಂದ. ಟೆಕ್ಸಾಸ್‌ನಲ್ಲಿ ಕ್ಯಾಡಿಯಾಗಿದ್ದ ಅವನೂ ಹಿಕರಿಯಿಂದಲೇ ಕಲಿತವನು. ಉಕ್ಕು ಕೈಗೆ ಬಂದಾಗ ಹಳೆಯ ಬೀಸು ಒಗ್ಗಲಿಲ್ಲ. ಮಣಿಕಟ್ಟಿನ ಕೆಲಸ ಕಡಿಮೆ ಮಾಡಿ, ಕಾಲು ಮತ್ತು ಸೊಂಟದ ಬಲದಿಂದ ಹೊಡೆಯುವುದನ್ನು ಕಲಿತ. 1945ರಲ್ಲಿ ಸತತ ಹನ್ನೊಂದು ಟೂರ್ನಿ ಗೆದ್ದ. ಜೋನ್ಸ್ ಕೂಡ ಮರಕ್ಕೆ ಅಂಟಿಕೊಳ್ಳಲಿಲ್ಲ. ಸ್ಪಾಲ್ಡಿಂಗ್ ಕಂಪನಿಗಾಗಿ ಉಕ್ಕಿನ ಕೋಲುಗಳ ವಿನ್ಯಾಸಕ್ಕೆ ಕೈಜೋಡಿಸಿದ. ಆ ಉಕ್ಕಿನ ಮೇಲೆ ಮರದ ಬಣ್ಣದ ಹೊದಿಕೆಯಿತ್ತು.

ವಿದ್ಯೆ ಅಳಿಯಲಿಲ್ಲ, ಜಾಗ ಬದಲಿಸಿತು. ಪ್ರತಿ ಕೋಲಿನ ಗುಣಕ್ಕೂ ಕೈ ಹೊಂದಿಸುವ ಹೊಣೆಯ ಒಂದು ಪಾಲು ಆಟಗಾರನ ಮೈಯಿಂದ ಕಾರ್ಖಾನೆಗೆ ಹೋಯಿತು. ಉಳಿದುಕೊಂಡದ್ದು ಉಪದೇಶ. ‘ನಿಧಾನವಾಗಿ ಹಿಂದಕ್ಕೆ ಎತ್ತು’ ಎಂಬುದು ಹಿಕರಿ ಕಾಲದ ಬುದ್ಧಿಮಾತು. ಮರ ಹೋದ ಮೇಲೂ ಗುರುಗಳು ಅದನ್ನು ಹೇಳುತ್ತಲೇ ಬಂದರು. ಈಗ ಯಾವುದೇ ಕಸುಬಿನ ಹಳೆಯ ಕೈಪಿಡಿ ತೆರೆದಾಗ, ಅದರ ಮಾತು ಸರಿಯೋ ತಪ್ಪೋ ಎಂದು ನಾನು ಮೊದಲು ಕೇಳುವುದಿಲ್ಲ. ಅದನ್ನು ಬರೆದವನ ಕೈಯಲ್ಲಿ ಯಾವ ಕಾವು ಇತ್ತು ಎಂದು ಕೇಳುತ್ತೇನೆ.